ಎರಡು ಊರಿನ ನಡುವಿನ ವಿಮಾನದ ದೂರ, ಹಾರಾಟದ ಹೊತ್ತು: ನೀವೇ ಲೆಕ್ಕ ಹಾಕುವುದು ಹೇಗೆ?

ತಮ್ಮ ದುಬೈಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಪುತ್ತೂರಿನ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಈ ಪ್ರಶ್ನೆ ಏಳುತ್ತದೆ. "ಅವ ಎಷ್ಟು ಹೊತ್ತಿಗೆ ಮುಟ್ತಾನೆ?" ಅಮ್ಮನಿಗೆ ಬೇಕಾದದ್ದು ಇಷ್ಟೇ, ಅನ್ನಕ್ಕೆ ಯಾವಾಗ ಇಡಬೇಕು. ಉತ್ತರ ಕೊಡುವವರು ಮಾತ್ರ ನಾಲ್ಕು ಜನ. ಚಿಕ್ಕಪ್ಪ "ಮೂರು ಗಂಟೆ ಸಾಕು" ಎನ್ನುತ್ತಾರೆ. ಫೋನ್ ನೋಡಿದ ತಂಗಿ "ಮೂರೂವರೆ" ಎನ್ನುತ್ತಾಳೆ. ಟಿಕೆಟ್ ಹಿಡಿದ ಅಪ್ಪ ಕಳೆಯುವ ಲೆಕ್ಕ ಮಾಡಿ "ಐದು ಗಂಟೆ ಉಂಟು" ಎನ್ನುತ್ತಾರೆ. ತಮ್ಮ ಮಾತ್ರ "ರೂಮಿನಿಂದ ಮನೆಗೆ ಹತ್ತು ಗಂಟೆ ಇಟ್ಕೊಳ್ಳಿ" ಎನ್ನುತ್ತಾನೆ.

ನಾಲ್ಕೂ ಸರಿ. ಚಿಕ್ಕಪ್ಪ ಹೇಳಿದ್ದು ಗಾಳಿಯಲ್ಲಿರುವ ಹೊತ್ತು. ತಂಗಿ ಹೇಳಿದ್ದು ಗೇಟಿನಿಂದ ಗೇಟಿಗೆ ಆಗುವ ಹೊತ್ತು. ಅಪ್ಪ ಎರಡು ಗಡಿಯಾರಗಳ ವ್ಯತ್ಯಾಸ ಹೇಳಿದರು. ತಮ್ಮನದು ಮನೆಬಾಗಿಲಿನ ಲೆಕ್ಕ. ಈ ನಾಲ್ಕನ್ನೂ ಬೇರೆ ಬೇರೆ ಇಟ್ಟುಕೊಂಡರೆ ಉಳಿದದ್ದು ಸುಲಭ, ಎಸ್ಸೆಸ್ಸೆಲ್ಸಿ ಗಣಿತ ಸಾಕು. ಒಂದು ಕಾಗದ, ಫೋನಿನ ಕ್ಯಾಲ್ಕುಲೇಟರ್ ತೆಗೆದುಕೊಂಡು ಕೂತುಕೊಳ್ಳಿ.

ಹಂತ 1: ಯಾವ ದೂರ ಬೇಕು ಅಂತ ಮೊದಲು ತೀರ್ಮಾನಿಸಿ

ಬೆಂಗಳೂರಿನಿಂದ ದೆಹಲಿಗೆ ಎಷ್ಟು ದೂರ? ರಸ್ತೆಯಲ್ಲಿ ಹೋದರೆ 2,100 ಕಿ.ಮೀ. ದಾಟುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ರೈಲು ಸೋಲಾಪುರ, ಮನ್ಮಾಡ್, ಭೋಪಾಲ್ ಅಂತ ಸುತ್ತಿಕೊಂಡು ಹೋಗುವಾಗ ಸುಮಾರು 2,400 ಕಿ.ಮೀ. ಓಡುತ್ತದೆ. ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 1,700 ಕಿ.ಮೀ. ಅಷ್ಟೇ.

ವಿಮಾನಕ್ಕೆ ಬೇಕಾದದ್ದು ಈ ಕೊನೆಯದು. ಅದೂ ಊರಿನಿಂದ ಊರಿಗಲ್ಲ, ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ. ಬೆಂಗಳೂರಿನ ವಿಮಾನ ಮೆಜೆಸ್ಟಿಕ್‌ನಿಂದ ಹಾರುವುದಿಲ್ಲ, ಅಲ್ವಾ? ದೇವನಹಳ್ಳಿಯಿಂದ ಹಾರುತ್ತದೆ. ಗೋವಾದ ವಿಷಯದಲ್ಲಿ ಇದು ಇನ್ನೂ ಮುಖ್ಯ. 2023ರ ಜನವರಿಯಿಂದ ಅಲ್ಲಿ ಎರಡು ಏರ್‌ಪೋರ್ಟ್ ಇವೆ. ಹಳೆಯ ದಾಬೋಲಿಂ ದಕ್ಷಿಣದಲ್ಲಿದೆ, ಹೊಸ ಮೋಪಾ ಉತ್ತರದ ತುದಿಯಲ್ಲಿದೆ. ಕಾರವಾರದವರು ಗೋವಾ ಅಂತ ಕಂಡ ತಕ್ಷಣ ಅಗ್ಗದ ಟಿಕೆಟ್ ಬುಕ್ ಮಾಡಿ ಆಮೇಲೆ ಮೋಪಾ ಅಂತ ಗೊತ್ತಾದರೆ, ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ. ಹಾಗಾಗಿ ಟಿಕೆಟ್‌ನಲ್ಲಿ ಊರಿನ ಹೆಸರಿನ ಪಕ್ಕ ಇರುವ ಮೂರಕ್ಷರದ ಕೋಡ್ ನೋಡಿ. ದಾಬೋಲಿಂ ಎಂದರೆ ಜಿಒಐ, ಮೋಪಾ ಎಂದರೆ ಜಿಒಎಕ್ಸ್. ಬೆಂಗಳೂರು ಬಿಎಲ್‌ಆರ್, ಮಂಗಳೂರು ಐಎಕ್ಸ್‌ಇ, ಹುಬ್ಬಳ್ಳಿ ಎಚ್‌ಬಿಎಕ್ಸ್.

ಹಂತ 2: ಎರಡು ಏರ್‌ಪೋರ್ಟಿನ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ರನ್‌ವೇ ಮೇಲೆ ಮೌಸ್‌ನ ಬಲ ಬಟನ್ ಒತ್ತಿ. ಮೇಲೆಯೇ ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಫೋನಿನಲ್ಲಾದರೆ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ದಶಾಂಶ ಸ್ಥಾನ ಸಾಕು. ಅದಕ್ಕಿಂತ ಜಾಸ್ತಿ ಬರೆದರೆ ಸುಮ್ನೆ ಕೈನೋವು.

ಈ ಲೇಖನಕ್ಕೆ ಬೇಕಾದ ಐದು ಏರ್‌ಪೋರ್ಟ್:

ಬೆಂಗಳೂರು: 13.20 ಉತ್ತರ, 77.71 ಪೂರ್ವ
ದೆಹಲಿ: 28.57 ಉತ್ತರ, 77.10 ಪೂರ್ವ
ಮಂಗಳೂರು: 12.96 ಉತ್ತರ, 74.89 ಪೂರ್ವ
ದುಬೈ: 25.25 ಉತ್ತರ, 55.36 ಪೂರ್ವ
ಹುಬ್ಬಳ್ಳಿ: 15.36 ಉತ್ತರ, 75.08 ಪೂರ್ವ

ಅದೇ ಮೆನುವಿನಲ್ಲಿ ದೂರ ಅಳೆಯುವ ಆಯ್ಕೆಯೂ ಇದೆ. ಒಂದು ಏರ್‌ಪೋರ್ಟಿನಿಂದ ಇನ್ನೊಂದಕ್ಕೆ ಗೆರೆ ಎಳೆದರೆ ನೇರ ದೂರವನ್ನು ಅದೇ ಹೇಳುತ್ತದೆ. ಹಾಗಾದರೆ ಕೈಲೆಕ್ಕ ಯಾಕೆ ಅಂತ ಕೇಳಬಹುದು. ಒಂದು ಸಲ ಕೈಯಾರೆ ಮಾಡಿದವರಿಗೆ ಆಮೇಲೆ ಯಾವ ವೆಬ್‌ಸೈಟ್ ಸುಳ್ಳು ಸಂಖ್ಯೆ ಕೊಟ್ಟರೂ ಕಣ್ಣಿಗೆ ಬೀಳುತ್ತದೆ. ರಸ್ತೆಯ ದೂರವನ್ನೇ ವಿಮಾನದ ವೇಗದಿಂದ ಭಾಗಿಸಿ "ಹಾರಾಟದ ಸಮಯ" ಅಂತ ತೋರಿಸುವ ಪುಟಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಂತ 3: ದೂರ ಲೆಕ್ಕ ಹಾಕಿ. ಮೊದಲು ಸುಲಭದ್ದು, ದೆಹಲಿ

ನೆನಪಿಟ್ಟುಕೊಳ್ಳಬೇಕಾದ ಒಂದೇ ಸಂಖ್ಯೆ 111. ಭೂಮಿಯ ಮೇಲೆ ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ಹೋದರೆ ಸುಮಾರು 111 ಕಿ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಅದನ್ನು 360ರಿಂದ ಭಾಗಿಸಿದರೆ ಬರುವುದು ಇದೇ.

ಬೆಂಗಳೂರು, ದೆಹಲಿ ಎರಡರ ರೇಖಾಂಶವೂ 77ರ ಚಿಲ್ಲರೆ. ಅಂದರೆ ಒಂದರ ತಲೆಯ ಮೇಲೆ ಇನ್ನೊಂದು ಕೂತ ಹಾಗೆ. ಆದ್ದರಿಂದ ಅಕ್ಷಾಂಶದ ವ್ಯತ್ಯಾಸ ನೋಡಿದರೆ ಮುಗಿಯಿತು. 28.57ರಿಂದ 13.20 ಕಳೆದರೆ 15.37. ಅದನ್ನು 111ರಿಂದ ಗುಣಿಸಿದರೆ 1,706 ಕಿ.ಮೀ. ಕೆಲಸ ಆಯಿತು.

ಪೈಲಟ್‌ಗಳು ಇದನ್ನೇ ಇನ್ನೊಂದು ರೀತಿ ಮಾಡುತ್ತಾರೆ. ಒಂದು ಡಿಗ್ರಿಗೆ 60 ಮಿನಿಟು (ಇದು ಕೋನದ ಅಳತೆ, ಗಡಿಯಾರದ ನಿಮಿಷವಲ್ಲ), ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ. 15.37 ಗುಣಿಸು 60 ಅಂದರೆ 922 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಗುಣಿಸಿ ನೋಡಿ, ಮತ್ತೆ 1,700ರ ಆಸುಪಾಸಿಗೇ ಬಂದು ನಿಲ್ಲುತ್ತದೆ.

ಹಂತ 4: ಪೂರ್ವ-ಪಶ್ಚಿಮವೂ ಸೇರಿದರೆ

ಮಂಗಳೂರಿನಿಂದ ದುಬೈಗೆ ಹೋಗುವ ವಿಮಾನ ಉತ್ತರಕ್ಕೂ ಹೋಗಬೇಕು, ಪಶ್ಚಿಮಕ್ಕೂ ಹೋಗಬೇಕು. ಇಲ್ಲೊಂದು ತೊಡಕಿದೆ. ಪೂರ್ವ-ಪಶ್ಚಿಮದ ಡಿಗ್ರಿ ಎಲ್ಲ ಕಡೆ ಒಂದೇ ಉದ್ದ ಇರುವುದಿಲ್ಲ. ಕಿತ್ತಳೆ ಸುಲಿದು ನೋಡಿ. ತೊಳೆ ನಡುವಿನಲ್ಲಿ ದಪ್ಪ, ತುದಿಗೆ ಬರುತ್ತಾ ಸಣ್ಣ. ರೇಖಾಂಶವೂ ಹಾಗೇ. ಭೂಮಧ್ಯ ರೇಖೆಯಲ್ಲಿ ಒಂದು ಡಿಗ್ರಿಗೆ 111 ಕಿ.ಮೀ. ಇದ್ದದ್ದು 10ನೇ ಅಕ್ಷಾಂಶದಲ್ಲಿ 109, 15ರಲ್ಲಿ 107, 20ರಲ್ಲಿ 104, 25ರಲ್ಲಿ 101, 30ರಲ್ಲಿ 96 ಆಗುತ್ತದೆ. ನಡುವಿನ ಅಕ್ಷಾಂಶಕ್ಕೆ ಬೇಕಾದರೆ 111ನ್ನು ಆ ಅಕ್ಷಾಂಶದ ಕಾಸ್‌ನಿಂದ (ತ್ರಿಕೋನಮಿತಿಯ ಕೊಸೈನ್, ಕ್ಯಾಲ್ಕುಲೇಟರಿನಲ್ಲಿ cos) ಗುಣಿಸಿ.

ಈಗ ಲೆಕ್ಕ. ಅಕ್ಷಾಂಶದ ವ್ಯತ್ಯಾಸ 25.25 ಕಳೆ 12.96, ಅಂದರೆ 12.29. ಅದನ್ನು 111ರಿಂದ ಗುಣಿಸಿದರೆ 1,364 ಕಿ.ಮೀ. ರೇಖಾಂಶದ ವ್ಯತ್ಯಾಸ 74.89 ಕಳೆ 55.36, ಅಂದರೆ 19.53. ಎರಡು ಊರಿನ ನಡುವಿನ ಅಕ್ಷಾಂಶ ಸುಮಾರು 19. ಅಲ್ಲಿ ಒಂದು ಡಿಗ್ರಿಗೆ 105 ಕಿ.ಮೀ. ಗುಣಿಸಿದರೆ 2,051.

ಉಳಿದದ್ದು ಪೈಥಾಗೊರಸ್. 1,364ರ ವರ್ಗ 18,60,496. 2,051ರ ವರ್ಗ 42,06,601. ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 2,460 ಕಿ.ಮೀ.

ಗೋಳದ ಮೇಲೆ ದೂರ ಅಳೆಯುವ ಪಕ್ಕಾ ಸೂತ್ರದಲ್ಲಿ ಹಾಕಿದರೂ 2,460ರ ಹತ್ತಿರವೇ ಬರುತ್ತದೆ. ಭಾರತದೊಳಗೆ, ಕೊಲ್ಲಿ ದೇಶಗಳಿಗೆ, ಸಿಂಗಾಪುರಕ್ಕೆ ಈ ಹೈಸ್ಕೂಲ್ ವಿಧಾನ ಧಾರಾಳ ಸಾಕು.

ಹಂತ 5: ಅಮೆರಿಕಕ್ಕೆ ಇದು ನಡೆಯುವುದಿಲ್ಲ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ. ಐಟಿಯವರ ಅಪ್ಪ-ಅಮ್ಮಂದಿರಿಗೆಲ್ಲ ಬಾಯಿಪಾಠ ಆದ ಊರು. ಅದರ ಅಕ್ಷಾಂಶ 37.62 ಉತ್ತರ, ರೇಖಾಂಶ 122.38 ಪಶ್ಚಿಮ. ಮೇಲಿನ ವಿಧಾನದಲ್ಲೇ ಹಾಕಿದರೆ 16,260 ಕಿ.ಮೀ. ಅಂತ ಬರುತ್ತದೆ. ನಿಜವಾದ ದೂರ 14,000 ಕಿ.ಮೀ.ಗಿಂತ ಒಂದು ಕೂದಲೆಳೆ ಕಡಿಮೆ. ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ತಪ್ಪು!

ಎಲ್ಲಿ ಎಡವಿದೆವು? ಭೂಪಟವನ್ನು ಚಪ್ಪಟೆ ಅಂದುಕೊಂಡೆವು. ಶಾಲೆಯ ಗೋಳ ಸಿಕ್ಕರೆ ಒಂದು ದಾರ ತೆಗೆದುಕೊಂಡು ಬೆಂಗಳೂರಿನ ಮೇಲೆ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ಮಧ್ಯೆ ಹೋಗುವುದೇ ಇಲ್ಲ. ಚೀನಾ, ಸೈಬೀರಿಯಾ ಹತ್ತಿ, ಆರ್ಕ್‌ಟಿಕ್ ವೃತ್ತ ದಾಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಗೋಳದ ಮೇಲೆ ಅತಿ ಹತ್ತಿರದ ದಾರಿ ಹೀಗೆ ಕಮಾನಿನ ಹಾಗೆ ಇರುತ್ತದೆ. ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಮೊದಲ ಸಲ ದಾರ ಹಿಡಿದು ನೋಡಿದಾಗ ನಾನೂ ದಾರ ಜಾರಿತು ಅಂದುಕೊಂಡು ಎರಡು ಸಲ ಸರಿ ಮಾಡಿದ್ದೆ.

ಇಂಥ ದೂರಕ್ಕೆ ಪಕ್ಕಾ ಸೂತ್ರ ಬೇಕು. ಫೋನನ್ನು ಅಡ್ಡ ತಿರುಗಿಸಿದರೆ ಕ್ಯಾಲ್ಕುಲೇಟರಿನಲ್ಲಿ ಸೈನ್, ಕಾಸ್ ಬರುತ್ತವೆ. ಡಿಗ್ರಿ ಮೋಡ್‌ನಲ್ಲಿ ಇದೆಯಾ ನೋಡಿಕೊಳ್ಳಿ, ಎಲ್ಲರೂ ತಪ್ಪುವುದು ಇಲ್ಲೇ.

ಮೊದಲು ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.2284 × 0.6104 = 0.1394.
ಎರಡೂ ಅಕ್ಷಾಂಶಗಳ ಕಾಸ್ ಗುಣಿಸಿ: 0.9736 × 0.7921 = 0.7712.
ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಬೇಕು. ಆಗ ವ್ಯತ್ಯಾಸ 200.09. ಇದು 180 ದಾಟಿದ್ದರಿಂದ 360ರಿಂದ ಕಳೆಯಿರಿ, 159.91. ಅದರ ಕಾಸ್ −0.9392.
0.7712ನ್ನು ಇದರಿಂದ ಗುಣಿಸಿದರೆ −0.7243. ಮೊದಲಿನ 0.1394 ಕೂಡಿಸಿದರೆ −0.5849.
ಇದರ ಕಾಸ್ ವಿಲೋಮ (ಕ್ಯಾಲ್ಕುಲೇಟರಿನಲ್ಲಿ cos⁻¹) ತೆಗೆದರೆ 125.8 ಡಿಗ್ರಿ. 111.2ರಿಂದ ಗುಣಿಸಿ. ಸುಮಾರು 13,990 ಕಿ.ಮೀ.

ತಪ್ಪು ಹಿಡಿಯಲು ಒಂದು ಉಪಾಯ. ಭೂಮಿಯ ಮೇಲೆ ಯಾವ ಎರಡು ಜಾಗದ ನಡುವೆಯೂ ನೇರ ದೂರ 20,000 ಕಿ.ಮೀ.ಗಿಂತ ಅಷ್ಟೇನೂ ಜಾಸ್ತಿ ಇರಲು ಸಾಧ್ಯವಿಲ್ಲ. ನಿಮ್ಮ ಉತ್ತರ 25,000 ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಿ.

ಹಂತ 6: ದೂರವನ್ನು ಹೊತ್ತಾಗಿ ಬದಲಾಯಿಸಿ

ನಮ್ಮಲ್ಲಿ ಜಾಸ್ತಿ ಹಾರುವ ಏರ್‌ಬಸ್ 320, ಬೋಯಿಂಗ್ 737 ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಆದರೆ ನೆಲ ಬಿಟ್ಟ ಕೂಡಲೇ ಆ ವೇಗ ಸಿಗುವುದಿಲ್ಲ. ಇಳಿಯುವಾಗಲೂ ಅಷ್ಟೇ. 35,000 ಅಡಿಯಿಂದ ಇಳಿಯಲು ಸುಮಾರು 200 ಕಿ.ಮೀ. ಮೊದಲೇ ತಯಾರಿ ಶುರುವಾಗುತ್ತದೆ. ದೆಹಲಿ ವಿಮಾನದಲ್ಲಿ ಆಗ್ರಾದ ಆಸುಪಾಸಿಗೆ ಬರುವಾಗಲೇ ಕಿವಿ ಕಟ್ಟಿಕೊಳ್ಳುವುದು ಇದಕ್ಕೇ. ಅದರ ಮೇಲೆ ಗೇಟಿನಿಂದ ರನ್‌ವೇಗೆ, ರನ್‌ವೇಯಿಂದ ಗೇಟಿಗೆ ಉರುಳುವ ಹೊತ್ತು ಬೇರೆ.

ಇದೆಲ್ಲ ಸೇರಿಸಿ ನಾನು ಬಳಸುವ ಸೂತ್ರ ಇಷ್ಟು: ಕಿಲೋಮೀಟರನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ದೊಡ್ಡ ಏರ್‌ಪೋರ್ಟ್‌ಗಳಾದರೆ ಇನ್ನೊಂದು 10–15 ನಿಮಿಷ.

ದೆಹಲಿಗೆ 1,706ನ್ನು 800ರಿಂದ ಭಾಗಿಸಿದರೆ 2 ಗಂಟೆ 8 ನಿಮಿಷ. ಅರ್ಧ ಗಂಟೆ ಸೇರಿಸಿದರೆ 2:38. ಎರಡೂ ಕಡೆ ದೊಡ್ಡ ಏರ್‌ಪೋರ್ಟ್ ಇರುವುದರಿಂದ 2:50 ಅಂದುಕೊಳ್ಳಿ. ವೇಳಾಪಟ್ಟಿ ತೆಗೆದು ನೋಡಿದರೆ ಹೆಚ್ಚಿನ ವಿಮಾನಗಳು ಇದೇ ಆಸುಪಾಸಿನಲ್ಲಿವೆ.

ಮಂಗಳೂರು-ದುಬೈ: 2,460ನ್ನು 800ರಿಂದ ಭಾಗಿಸಿದರೆ 3 ಗಂಟೆ 5 ನಿಮಿಷ. ಅರ್ಧ ಗಂಟೆ ಸೇರಿ 3:35. ಚಿಕ್ಕಪ್ಪನ ಮೂರು, ತಂಗಿಯ ಮೂರೂವರೆ ಎರಡೂ ಇಲ್ಲೇ ಸಿಕ್ಕವು.

ಹುಬ್ಬಳ್ಳಿ-ಬೆಂಗಳೂರು ಸುಮಾರು 370 ಕಿ.ಮೀ. ಜೆಟ್ ವಿಮಾನಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ. ರೆಕ್ಕೆಯಲ್ಲಿ ಫ್ಯಾನು ತಿರುಗುವ ಎಟಿಆರ್ ವಿಮಾನವಾದರೆ ವೇಗ ಗಂಟೆಗೆ 500 ಕಿ.ಮೀ. ಅಂತ ಹಿಡಿಯಿರಿ, ಒಂದೂಕಾಲು ಗಂಟೆ ಬರುತ್ತದೆ. ಇಷ್ಟು ಸಣ್ಣ ದೂರಕ್ಕೆ ಯಾವ ವಿಮಾನ ಎನ್ನುವುದರಿಂದ ಹದಿನೈದು ನಿಮಿಷದ ವ್ಯತ್ಯಾಸ ಅಷ್ಟೇ. ಟಿಕೆಟ್ ಬೆಲೆ ನೋಡಿ ತಗೊಳ್ಳಿ.

ಸ್ಯಾನ್ ಫ್ರಾನ್ಸಿಸ್ಕೊದಂಥ ದೂರಕ್ಕೆ ಹೋಗುವ ದೊಡ್ಡ ವಿಮಾನಗಳ ವೇಗ ಸ್ವಲ್ಪ ಜಾಸ್ತಿ. 880ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿದರೆ ಹದಿನಾರೂವರೆ ಗಂಟೆ. ಗಾಳಿ ನೋಡಿಕೊಂಡು 16ರಿಂದ 17 ಗಂಟೆ ಚಿಲ್ಲರೆ.

ಹಂತ 7: ಗಾಳಿಯ ಲೆಕ್ಕ

ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಯಾಕೆ? ಭೂಮಿ ತಿರುಗುವುದರಿಂದ ಅಂತ ಹೇಳುವವರು ಈಗಲೂ ಇದ್ದಾರೆ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ವಿಮಾನವೂ ಆ ಗಾಳಿಯೊಳಗೇ ಇರುತ್ತದೆ. ಹಾಗಾಗಿ ವಿಮಾನ ಮೇಲಿದ್ದಾಗ ಊರು ಕೆಳಗಿನಿಂದ ಓಡಿ ಬರುವುದಿಲ್ಲ. ನಿಜವಾದ ಕಾರಣ ಮೇಲಿನ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ 30,000 ಅಡಿಗಿಂತ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹೊಳೆಯಂತೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಎನ್ನುವುದು ಇದಕ್ಕೇ.

ದೆಹಲಿಯಿಂದ ಕೋಲ್ಕತ್ತಾಗೆ ಸುಮಾರು 1,310 ಕಿ.ಮೀ. ಗಾಳಿ ಗಂಟೆಗೆ 100 ಕಿ.ಮೀ. ಇದೆ ಅಂದುಕೊಳ್ಳಿ. ಹೋಗುವಾಗ ಅದು ಬೆನ್ನಿಗೆ, ವೇಗ 930. ಮೇಲಿನ ಹಾರಾಟ 1 ಗಂಟೆ 25 ನಿಮಿಷ. ಬರುವಾಗ ಎದುರಿಗೆ, ವೇಗ 730. 1 ಗಂಟೆ 48 ನಿಮಿಷ. 23 ನಿಮಿಷ ವ್ಯತ್ಯಾಸ!

ಇಲ್ಲಿ ನನಗೆ ಖುಷಿ ಕೊಡುವ ಒಂದು ಸಣ್ಣ ಸಂಗತಿ ಇದೆ. ಗಾಳಿ ಹೋಗುವಾಗ ಕೊಟ್ಟದ್ದನ್ನು ಬರುವಾಗ ತೆಗೆದುಕೊಂಡರೆ ಸರಿಗೆ ಸರಿ ಆಗಬೇಕಲ್ಲ? ಆಗುವುದಿಲ್ಲ. ಗಾಳಿ ಇಲ್ಲದಿದ್ದರೆ ಎರಡೂ ಸೇರಿ 3 ಗಂಟೆ 10 ನಿಮಿಷ, ಇದ್ದರೆ 3 ಗಂಟೆ 13 ನಿಮಿಷ. ಎದುರು ಗಾಳಿಯಲ್ಲಿ ಜಾಸ್ತಿ ಹೊತ್ತು ಸಿಕ್ಕಿಕೊಂಡಿರುತ್ತೇವೆ, ಅದಕ್ಕೇ ನಷ್ಟ.

ಬೆಂಗಳೂರು-ದೆಹಲಿ ದಾರಿ ಉತ್ತರ-ದಕ್ಷಿಣವಾದ್ದರಿಂದ ಈ ಗಾಳಿ ಅಡ್ಡ ಬರುತ್ತದೆ, ವ್ಯತ್ಯಾಸ ಕಡಿಮೆ. ದುಬೈ ಕಡೆಗೆ ಹೋಗುವಾಗ ಸಾಮಾನ್ಯವಾಗಿ ಹತ್ತು ನಿಮಿಷ ಕೂಡಿಸಿ, ಬರುವಾಗ ಹತ್ತು ಕಳೆಯಿರಿ.

ಗಾಳಿಯ ಜೊತೆ ದಾರಿಯನ್ನೂ ನೋಡಬೇಕು. ಎಲ್ಲ ದೇಶದ ಆಕಾಶವೂ ಎಲ್ಲರಿಗೂ ತೆರೆದಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನ ಕಂಪನಿಗಳಿಗೆ ಮುಚ್ಚಿದ ಮೇಲೆ, ದೆಹಲಿಯಿಂದ ಯೂರೋಪ್, ಅಮೆರಿಕದ ಕಡೆ ಹೋಗುವ ಅವರ ವಿಮಾನಗಳು ಸುತ್ತು ಬಳಸಿ ಹೋಗಬೇಕಾಯಿತು. ಕಾಗದದ ಮೇಲಿನ ದೂರ ಹಾಗೇ ಇತ್ತು, ಹೊತ್ತು ಮಾತ್ರ ಬೆಳೆಯಿತು. ಮಂಗಳೂರಿನಿಂದ ದುಬೈಗೆ ಇದರ ಬಿಸಿ ತಟ್ಟುವುದಿಲ್ಲ, ನಮಗೆ ಅರಬ್ಬಿ ಸಮುದ್ರವೇ ಹೆದ್ದಾರಿ.

ಹಂತ 8: ಟಿಕೆಟ್ ಓದುವುದು. ಇಲ್ಲೇ ಜನ ಮುಗ್ಗರಿಸುವುದು

ಟಿಕೆಟ್‌ನಲ್ಲಿ ಬರೆದ ಹೊತ್ತು ಯಾವಾಗಲೂ ಆಯಾ ಊರಿನ ಗಡಿಯಾರದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಉದಾಹರಣೆಗೆ ದುಬೈಯಿಂದ ರಾತ್ರಿ 11:40ಕ್ಕೆ ಹೊರಟು ಮಂಗಳೂರಿಗೆ ಬೆಳಿಗ್ಗೆ 4:35ಕ್ಕೆ ಅಂತ ಇದೆ ಅನ್ನಿ. ಸುಮ್ನೆ ಕಳೆದರೆ 4 ಗಂಟೆ 55 ನಿಮಿಷ. ಅಪ್ಪನ "ಐದು ಗಂಟೆ" ಇದೇ. ಅದರಲ್ಲಿ ಒಂದೂವರೆ ತೆಗೆಯಿರಿ, 3:25. ಹೋಗುವಾಗ ರಾತ್ರಿ 8ಕ್ಕೆ ಹೊರಟು ದುಬೈ ಗಡಿಯಾರದಲ್ಲಿ 10:15ಕ್ಕೆ ಮುಟ್ಟಿದರೆ ಕಳೆದಾಗ 2:15. ಅದಕ್ಕೆ ಒಂದೂವರೆ ಕೂಡಿಸಿ, 3:45.

ಕೂಡಿಸುವುದಾ, ಕಳೆಯುವುದಾ ಅಂತ ಗೊಂದಲವಾದರೆ ಒಂದೇ ಕೆಲಸ ಮಾಡಿ. ಎರಡೂ ಹೊತ್ತನ್ನು ಭಾರತದ ಗಡಿಯಾರಕ್ಕೆ ತಂದುಕೊಳ್ಳಿ. ದುಬೈಯ 11:40 ಅಂದರೆ ನಮ್ಮಲ್ಲಿ ರಾತ್ರಿ 1:10. ಅಲ್ಲಿಂದ 4:35ರವರೆಗೆ ಎಣಿಸಿದರೆ ತಪ್ಪೇ ಆಗುವುದಿಲ್ಲ.

ಅಮೆರಿಕದ ಲೆಕ್ಕದಲ್ಲಿ ದಿನವೇ ಕಾಣೆಯಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ, ಹಿಡಿದದ್ದು ಉತ್ತರ ಧ್ರುವದ ಕಡೆಯ ದಾರಿ. 9ನೇ ತಾರೀಖು ಶನಿವಾರ ರಾತ್ರಿ ಅಲ್ಲಿ ಹೊರಟ ವಿಮಾನ ಇಲ್ಲಿ ಇಳಿದದ್ದು 11ನೇ ತಾರೀಖು ಸೋಮವಾರ ನಸುಕಿನಲ್ಲಿ. ಭಾನುವಾರ ಎಲ್ಲಿ ಹೋಯಿತು? ಹಾರಾಟ ಸುಮಾರು 17 ಗಂಟೆ, ಅದರ ಮೇಲೆ ಆ ಊರು ಚಳಿಗಾಲದಲ್ಲಿ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಎರಡೂ ಸೇರಿ ಒಂದು ದಿನಕ್ಕೂ ಜಾಸ್ತಿ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ವ್ಯತ್ಯಾಸ 12 ಗಂಟೆ 30 ನಿಮಿಷ. ದುಬೈಯಲ್ಲಿ ಈ ರಗಳೆ ಇಲ್ಲ.

ಇನ್ನು ಮಧ್ಯರಾತ್ರಿಯ ಟಿಕೆಟ್. ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ತಮ್ಮ ರಜೆ ಮುಗಿಸಿ ಹೊರಟಿದ್ದ ವರ್ಷ ಟಿಕೆಟ್‌ನಲ್ಲಿ 14ನೇ ತಾರೀಖು, 12:20 ಎಎಂ ಅಂತ ಇತ್ತು. ಟಿಕೆಟ್ ನೋಡಿ ಮನೆಯವರಿಗೆಲ್ಲ ಹೇಳಿದವನು ನಾನೇ: "14ಕ್ಕೆ ರಾತ್ರಿ ವಿಮಾನ." ಹದಿಮೂರರ ಸಂಜೆ ಅಮ್ಮ ಕೋರಿ ರೊಟ್ಟಿಗೆ ಮಸಾಲೆ ಕಡೆಯುತ್ತಿದ್ದರು, ಮರುದಿನಕ್ಕೂ ಆಗಲಿ ಅಂತ. ಏಳು ಗಂಟೆಗೆ ತಂಗಿ ವೆಬ್ ಚೆಕ್-ಇನ್ ಮಾಡಲು ಹೋಗಿ ಒಮ್ಮೆ ಸುಮ್ಮನಾದಳು. "ಅಣ್ಣ, ಹದಿನಾಲ್ಕು ಶುರು ಆಗುದು ಇವತ್ತು ರಾತ್ರಿ ಹನ್ನೆರಡಕ್ಕಲ್ವಾ?" ಆಮೇಲಿನ ಅರ್ಧ ಗಂಟೆ ನಮ್ಮ ಮನೆಯಲ್ಲಿ ಯಾರೂ ಕೂತಿರಲಿಲ್ಲ. ಸೂಟ್‌ಕೇಸ್ ಮೇಲೆ ಚಿಕ್ಕಪ್ಪ ಮೊಣಕಾಲೂರಿ ಜಿಪ್ ಎಳೆದರು. ಬೆಂದೂ ಬೇಯದ ಕೋಳಿಯನ್ನು ಬಿಟ್ಟು, ರೊಟ್ಟಿಯ ಪ್ಯಾಕೆಟ್ ಮಾತ್ರ ಅವನ ಕೈಗೆ ಕೊಟ್ಟು ಏಳೂವರೆಗೆ ಕಾರು ಹೊರಟಿತು. ವಿಮಾನ ಸಿಕ್ಕಿತು. ಒಣ ರೊಟ್ಟಿ ದುಬೈಗೆ ಹೋಗಿ ಪುಡಿಯಾಯಿತು.

ಅಂದಿನಿಂದ ರಾತ್ರಿ 12ರಿಂದ 4ರ ನಡುವಿನ ಯಾವ ಟಿಕೆಟ್ ಬಂದರೂ ನಾನು ಕ್ಯಾಲೆಂಡರಿನಲ್ಲಿ ಹಿಂದಿನ ದಿನಕ್ಕೆ ಕೆಂಪು ಗುರುತು ಹಾಕುತ್ತೇನೆ. ತಲುಪುವ ಹೊತ್ತಿನ ಪಕ್ಕ ಸಣ್ಣದಾಗಿ +1 ಅಂತ ಇದ್ದರೆ ಅದು ಮರುದಿನ. ಟಿಕೆಟ್‌ನಲ್ಲಿ ಒಟ್ಟು ಅವಧಿ ಅಂತ ಕೊಟ್ಟದ್ದರಲ್ಲಿ ನಡುವೆ ಇಳಿದು ಕಾಯುವ ಹೊತ್ತೂ ಸೇರಿರುತ್ತದೆ, ಅದನ್ನೇ ಹಾರಾಟದ ಹೊತ್ತು ಅಂದುಕೊಳ್ಳಬೇಡಿ.

ಹಂತ 9: ಬಾಗಿಲಿನಿಂದ ಬಾಗಿಲಿಗೆ

ವಿಮಾನವಾ, ರೈಲಾ ಅಂತ ತೀರ್ಮಾನಿಸಲು ಹಾರಾಟದ ಹೊತ್ತು ಒಂದರಿಂದಲೇ ಏನೂ ತಿಳಿಯುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಿಂದ ಬೆಂಗಳೂರಿನ ಜಯನಗರಕ್ಕೆ ಹೋಗಬೇಕು ಅನ್ನಿ. ಮನೆಯಿಂದ ಏರ್‌ಪೋರ್ಟಿಗೆ ಅರ್ಧ ಗಂಟೆ. ಬ್ಯಾಗ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ವಿಮಾನ ಒಂದೂಕಾಲು. ಬ್ಯಾಗ್ ಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಜಯನಗರಕ್ಕೆ ಹೆಬ್ಬಾಳದ ಟ್ರಾಫಿಕ್ ದಾಟಿಕೊಂಡು ಒಂದೂವರೆ. ಒಟ್ಟು ಐದೂಕಾಲು ಗಂಟೆ!

ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಮೆಜೆಸ್ಟಿಕ್‌ಗೆ ತೆಗೆದುಕೊಳ್ಳುವುದು ಐದರಿಂದ ಆರು ಗಂಟೆ. ಅಲ್ಲಿಂದ ಜಯನಗರಕ್ಕೆ ಮೆಟ್ರೊ ಇದೆ. ನನ್ನ ಕೇಳಿದರೆ ಈ ದೂರಕ್ಕೆ ರೈಲೇ ಸರಿ, ಕಾಲು ಚಾಚಿ ಕೂರಬಹುದು. ದಿಢೀರ್ ಸಾವು-ನೋವಿಗೆ, ಅದೇ ದಿನ ಹೋಗಿ ಅದೇ ದಿನ ಬರುವ ಕೆಲಸಕ್ಕೆ ವಿಮಾನ ಇರಲಿ. ದೆಹಲಿಗೆ ಮಾತ್ರ ಈ ಚರ್ಚೆಯೇ ಬೇಡ. ವಿಮಾನಕ್ಕೆ ಹಿಂದೆ ಮುಂದೆ ಐದು ಗಂಟೆ ಸೇರಿಸಿದರೂ ಎಂಟು ಗಂಟೆಯಲ್ಲಿ ಮುಗಿಯುತ್ತದೆ, ರೈಲಿಗೆ ಒಂದೂವರೆ ದಿನ ಬೇಕು. ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಹೊತ್ತು ದೆಹಲಿಗೆ ಹೋಗುವವರು ಮಂಜಿಗೆ ಎರಡು ಗಂಟೆ ಬೇರೆ ತೆಗೆದಿಡಿ. ಮಧ್ಯಾಹ್ನದ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ.

ಹಂತ 10: ವಿಮಾನ ಬರುತ್ತಿರುವಾಗ

ಕರೆತರಲು ಹೋಗುವವರಿಗೆ ವೇಳಾಪಟ್ಟಿಗಿಂತ ಫ್ಲೈಟ್‌ರಾಡಾರ್24 ಥರದ ಆ್ಯಪ್ ಉಪಯೋಗ. ವಿಮಾನದ ಸಂಖ್ಯೆ ಹಾಕಿದರೆ ಅದು ಎಲ್ಲಿದೆ, ವೇಗ ಎಷ್ಟು ಅಂತ ತೋರಿಸುತ್ತದೆ. ಪುತ್ತೂರಿನಿಂದ ಬಜ್ಪೆಗೆ, ಅಂದರೆ ಮಂಗಳೂರು ಏರ್‌ಪೋರ್ಟಿಗೆ, ನಮಗೆ ಒಂದೂವರೆ ಗಂಟೆ ದಾರಿ. ಇಳಿದ ಮೇಲೆ ಇಮಿಗ್ರೇಶನ್, ಬ್ಯಾಗು, ಕಸ್ಟಮ್ಸ್ ಅಂತ ತಮ್ಮ ಹೊರಬರಲು ಮುಕ್ಕಾಲು ಗಂಟೆಯಾದರೂ ಬೇಕು. ಆದ್ದರಿಂದ ವಿಮಾನ ಇಳಿಯಲು ಮುಕ್ಕಾಲು ಗಂಟೆ ಇರುವಾಗ, ಅಂದರೆ ಅದು ಸುಮಾರು 500 ಕಿ.ಮೀ. ಆಚೆ ಸಮುದ್ರದ ಮೇಲಿರುವಾಗ ಮನೆಯಿಂದ ಹೊರಟರೆ ಸರಿಹೋಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆ್ಯಪ್‌ಗಳು ಬಹುಪಾಲು ನೆಲದ ಮೇಲಿನ ರಿಸೀವರ್‌ಗಳನ್ನು ನಂಬಿಕೊಂಡಿವೆ, ಅವುಗಳ ಕೈ ಸುಮಾರು 400 ಕಿ.ಮೀ. ದೂರಕ್ಕೆ ಮಾತ್ರ ಚಾಚುತ್ತದೆ. ಹಾಗಾಗಿ ನಡುಸಮುದ್ರದಲ್ಲಿ ವಿಮಾನದ ಚಿತ್ರ ಕೆಲವೊಮ್ಮೆ ಅಂದಾಜಿನ ಮೇಲೆ ಸಾಗುತ್ತದೆ, ಕೆಲವೊಮ್ಮೆ ಕಾಣೆಯೇ ಆಗುತ್ತದೆ. ಕಳೆದ ಸಲ ಬೆಳಗಿನ ಜಾವ ಮೂರೂವರೆಗೆ ಅಮ್ಮ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದರು. "ಏಳು ಮಾರಾಯ, ವಿಮಾನ ಕಾಣ್ತಾ ಇಲ್ಲ!" ನಾನು ಕಣ್ಣುಜ್ಜಿಕೊಂಡು ಇದೆಲ್ಲ ವಿವರಿಸಿದೆ, ರಿಸೀವರ್, 400 ಕಿ.ಮೀ., ಅರಬ್ಬಿ ಸಮುದ್ರ. ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫೋನನ್ನು ದೇವರ ಮುಂದಿಟ್ಟು ದೀಪ ಹಚ್ಚಿದರು. ಚಿಕ್ಕಪ್ಪ ಕಾರು ತೆಗೆಯುವ ಹೊತ್ತಿಗೆ ಹಳದಿ ವಿಮಾನ ಕರಾವಳಿಯ ಹತ್ತಿರ ಮತ್ತೆ ಕಾಣಿಸಿತು. ಅಮ್ಮ ಒಳಗೆ ಹೋಗಿ ಅಕ್ಕಿ ತೊಳೆಯಲು ಶುರು ಮಾಡಿದರು.